ಬ್ಯಾಟರಿ ಚೆನ್ನಾಗಿತ್ತು

ಆಕೆಯನ್ನು ಬೀದಿಯವರೆಲ್ಲ ಚಿಮಟದಕ್ಕ ಎಂದೇ ಕರೆಯುತ್ತಿದ್ದರು. ಮೊಬೈಲ್ ರಿಪೇರಿಗೆ ಕೂತಾಗ ಸಣ್ಣ ಚಿಮಟವೊಂದನ್ನು ತುರುಬಿಗೆ ಸಿಕ್ಕಿಸಿಕೊಳ್ಳುವುದು, ಅದನ್ನು ಮರೆತು ಹಾಗೇ ಬಸ್ಸು ಹತ್ತಿ ಮನೆಗೆ ಹೋಗುವುದು ಆಕೆಯ ಅಭ್ಯಾಸ. ವಯಸ್ಸು ಐವತ್ತನಾಲ್ಕು. ಅಂಗಡಿ ಗಂಡನದು. ಆತ ರೇಡಿಯೊ, ಟೀವಿ ರಿಪೇರಿ ಮಾಡುತ್ತಿದ್ದ ಕಾಲದಲ್ಲಿ ಆಕೆ ಪಕ್ಕದಲ್ಲಿ ಟಾರ್ಚು ಹಿಡಿದು ನಿಲ್ಲುತ್ತಿದ್ದಳು. ಟಾರ್ಚು ಹಿಡಿದವರಿಗೆ ಎಲ್ಲವೂ ಕಾಣುತ್ತದೆ. ಹಾಗೆ ನೋಡಿ ನೋಡಿಯೇ ಕಲಿತದ್ದು. ಗಂಡ ತೀರಿಕೊಂಡು ಇಪ್ಪತ್ತು ದಿನವಾದ ಮೇಲೆ ಅಂಗಡಿಯ ಬಾಗಿಲು ತೆರೆದು ತಾನೇ ಕೂತಳು. ಬಂದವರು "ಯಜಮಾನರು ಇಲ್ವಾ?" ಎನ್ನುವರು, ಇಲ್ಲವೆಂದರೆ ಹಾಗೇ ತಿರುಗಿ ಹೋಗುವರು. ಒಂದು ವರ್ಷ ಅದೇ ಪಾಡು. ಆಮೇಲೆ ಮೆಲ್ಲಗೆ ಹೆಂಗಸರು ಬರತೊಡಗಿದರು. ಫೋನಿನೊಳಗೆ ಮಕ್ಕಳ ಫೋಟೋ, ಮನೆಯ ಮಾತು ಎಲ್ಲ ಇರುತ್ತದಲ್ಲ, ಅದನ್ನು ಗುರುತಿಲ್ಲದ ಗಂಡಸಿನ ಕೈಗೆ ಕೊಟ್ಟು ಹೋಗಲು ಅವರಿಗೆ ಮನಸ್ಸಾಗುತ್ತಿರಲಿಲ್ಲ.

ಊರಿನಲ್ಲಿ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಸಂಘವೊಂದಿತ್ತು. ಆಕೆ ಅಲ್ಲಿಗೂ ಹೋಗಿ ನೋಡಿದಳು. ಬಾಗಿಲಲ್ಲಿದ್ದವನು "ಯಾರ ಜೊತೆ ಬಂದಿದೀರಿ?" ಎಂದ. "ನನ್ನ ಜೊತೇನೇ" ಎಂದಳು. ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಎರಡನೇ ಸಲ ಹೋದಾಗ ಹಾಜರಿ ಬರೆಯಲು ಕೂರಿಸಿದರು. ಮೂರನೇ ಸಲ ಟೀ ಹಂಚಲು ಹೇಳಿದರು. ಅಂದು ಐದು ಜನ ಗಂಡಸರು ಒಂದು ಬೋರ್ಡಿನ ಸುತ್ತ ತಲೆ ಕೆಡಿಸಿಕೊಂಡು ನಿಂತಿದ್ದರು. ಆಕೆ ಲೋಟ ಇಡುತ್ತ ಒಂದು ಕಡೆ ಬೆರಳು ತೋರಿಸಿ, "ಇಲ್ಲಿ ಸುಟ್ಟಿದೆ" ಎಂದಳು. ಅಲ್ಲೇ ಸುಟ್ಟಿತ್ತು. ಐವರೂ ಟೀ ಲೋಟ ಎತ್ತಿಕೊಂಡರು. ನಾಲ್ಕನೇ ಸಲ ಆಕೆ ಹೋಗಲಿಲ್ಲ.

ಅದೇ ಸಂಘದಿಂದ ಹಾಗೇ ಎದ್ದು ಬಂದಿದ್ದ ಇನ್ನೊಬ್ಬಾಕೆ ಒಬ್ಬ ನಿವೃತ್ತ ಶಿಕ್ಷಕಿ. ಎಲ್ಲರೂ ಅವರನ್ನು ಗಣಿತದ ಮೇಡಂ ಎನ್ನುತ್ತಿದ್ದರು. ಇಬ್ಬರೂ ಸೇರಿ ಗ್ರಂಥಾಲಯದವರನ್ನು ಕಾಡಿ ಬೇಡಿ, ಮಹಡಿಯ ಮೇಲೆ ಹಳೇ ಪತ್ರಿಕೆ ತುಂಬಿಡುತ್ತಿದ್ದ ಕೋಣೆಯನ್ನು ಪಡೆದರು. ಪ್ರತಿ ಬುಧವಾರ ಮಧ್ಯಾಹ್ನ ಹೆಂಗಸರು ಅಲ್ಲಿ ಸೇರುತ್ತಿದ್ದರು. ತಮ್ಮ ಫೋನನ್ನು ತಾವೇ ಬಿಚ್ಚಬೇಕು, ತಾವೇ ಜೋಡಿಸಬೇಕು. ಅದರೊಳಗೆ ಏನೇನಿದೆ, ಯಾರಾದರೂ ಇಣುಕುತ್ತಿದ್ದಾರಾ ಅಂತ ತಾವೇ ನೋಡಿಕೊಳ್ಳಬೇಕು. ಬೋರ್ಡಿನ ಮೇಲೆ ಮೇಡಂ ಎರಡೇ ಸಾಲು ಬರೆದಿದ್ದರು: ಯಾರ ಪ್ರಶ್ನೆಗೂ ನಗಬಾರದು. ಕೇಳದೆ ಇನ್ನೊಬ್ಬರ ಫೋನು ಮುಟ್ಟಬಾರದು. ಆಸ್ಪತ್ರೆಯ ಕಸ ಗುಡಿಸುವಾಕೆ, ಕಿವಿ ಕೇಳದ ಹೊಲಿಗೆಯಾಕೆ, ಬೇಕರಿಯಾಕೆ, ಕಾಲೇಜಿನ ಹುಡುಗಿಯರು, ಹೀಗೆ ಹತ್ತು ಹನ್ನೆರಡು ಜನ ಬರುತ್ತಿದ್ದರು. ಹೊಲಿಗೆಯಾಕೆಗಾಗಿ ಎಲ್ಲರೂ ಮುಖ ಕೊಟ್ಟು, ನಿಧಾನವಾಗಿ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು.

ಮೊದಮೊದಲು ಒಡೆದ ಪರದೆ, ಕೆಟ್ಟ ಚಾರ್ಜಿಂಗ್ ಪಿನ್ನು ಇಷ್ಟೇ ಇರುತ್ತಿತ್ತು. ಆಮೇಲೆ ಬೇರೆಯದೂ ಸಿಕ್ಕತೊಡಗಿತು. ಗಂಡನೋ ಅಣ್ಣನೋ ಗೊತ್ತಿಲ್ಲದಂತೆ ಹಾಕಿಟ್ಟ ಕಳ್ಳ ಆ್ಯಪುಗಳು. ಎಲ್ಲಿದ್ದಾಳೆ, ಯಾರಿಗೆ ಏನು ಬರೆದಳು, ಪಕ್ಕದಲ್ಲಿ ಏನು ಮಾತಾಯಿತು, ಎಲ್ಲವನ್ನೂ ಅವು ಕೂತಲ್ಲಿಂದಲೇ ಕಳಿಸುತ್ತಿದ್ದವು. ಅವನ್ನು ಪತ್ತೆ ಹಚ್ಚುವುದರಲ್ಲಿ ಚಿಮಟದಕ್ಕನದು ಎತ್ತಿದ ಕೈ. ಭಾನುವಾರ ಮಗ, ಸೊಸೆ ಊಟಕ್ಕೆ ಬಂದಾಗ ಹೆಸರು ಹೇಳದೆ ಆ ಕತೆಗಳನ್ನು ಹೇಳುವಳು. ಎಂಥೆಂಥ ಹೆಸರಿನಲ್ಲಿ ಅವಿತಿರುತ್ತವೆ, ಯಾವುದನ್ನು ಹುಡುಕುವುದು ಕಷ್ಟ, ಎಲ್ಲ. ಮಗ ಊಟ ಬಿಟ್ಟು ಕೇಳುವನು. ಅವನು ಒಂದು ಕೊರಿಯರ್ ಕಂಪನಿಯ ಆಫೀಸಿನಲ್ಲಿ ಪರದೆಯ ಮುಂದೆ ಕೂತು, ಊರ ತುಂಬ ಓಡಾಡುವ ವ್ಯಾನುಗಳನ್ನು ಚುಕ್ಕಿಗಳಾಗಿ ನೋಡುವ ಕೆಲಸ ಮಾಡುತ್ತಿದ್ದ. ಅಪ್ಪ ಹೋದಾಗ ಅವನಿಗೆ ಹನ್ನೊಂದು ವರ್ಷ. ಅವನಿಗೆ ಬೆಸುಗೆ ಹಾಕುವುದನ್ನು ಕಲಿಸಿದವಳು ಆಕೆಯೇ. "ನನ್ನ ಮಗನ ಕೈ ನಡುಗಲ್ಲ" ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದವಳೂ ಆಕೆಯೇ.

ಸೊಸೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಮದುವೆಯಾದ ಮೊದಲ ವರ್ಷ ಬಾಯಿ ತುಂಬ ಮಾತು. ಸಂಜೆ ಲ್ಯಾಬಿನಿಂದ ನೇರ ಅಂಗಡಿಗೆ ಬಂದು, ಸೂಜಿ ನೋಡಿ ಮೂರ್ಛೆ ಹೋದ ಪೈಲ್ವಾನನ ಕತೆ ಹೇಳಿ ನಗಿಸುತ್ತಿದ್ದಳು. ಎರಡನೇ ವರ್ಷದಲ್ಲಿ ಅದು ನಿಂತುಹೋಯಿತು. ಭಾನುವಾರ ಬಂದರೆ ತಟ್ಟೆ ನೋಡಿಕೊಂಡು ಉಣ್ಣುವಳು, ಕೇಳಿದ್ದಕ್ಕೆ "ಹೂಂ ಅತ್ತೆ", "ಇಲ್ಲ ಅತ್ತೆ". ಕೆಲಸ ಜಾಸ್ತಿಯಿರಬೇಕು ಅಂದುಕೊಂಡು ಚಿಮಟದಕ್ಕ ಸುಮ್ಮನಾದಳು.

ಹಾಗಿರುವಾಗ ಒಂದು ಮಂಗಳವಾರ ಮಧ್ಯಾಹ್ನ ಸೊಸೆ ಅಂಗಡಿಗೆ ಬಂದಳು. ಮೆಟ್ಟಿಲು ಹತ್ತದೆ, ಹೊರಗಿನಿಂದಲೇ ಫೋನು ಚಾಚಿದಳು.

"ಅತ್ತೆ, ಮಧ್ಯಾಹ್ನ ಆಗೋಷ್ಟರಲ್ಲಿ ಬ್ಯಾಟರಿ ಮಲಗಿಬಿಡುತ್ತೆ. ಹಿಡ್ಕೊಂಡ್ರೆ ಕೈ ಸುಡುತ್ತೆ. ಸಂಜೆ ಬಂದು ತಗೊಂಡ್ ಹೋಗ್ಲಾ?"

"ಒಳಗೆ ಬಾರೇ, ಟೀ ಕುಡಿದು ಹೋಗು."

"ಸ್ಯಾಂಪಲ್ ಇಟ್ಟು ಬಂದಿದೀನಿ ಅತ್ತೆ" ಎಂದು ಹೋಗಿಯೇಬಿಟ್ಟಳು.

ಚಿಮಟದಕ್ಕ ಫೋನಿನ ಬೆನ್ನು ಬಿಚ್ಚಿ ಮೀಟರು ಹಚ್ಚಿದಳು. ಬ್ಯಾಟರಿ ಚೆನ್ನಾಗಿತ್ತು. ಹೊಸದರಂತೆಯೇ ಇತ್ತು. ಬ್ಯಾಟರಿ ಚೆನ್ನಾಗಿದ್ದೂ ಫೋನು ಬಿಸಿಯಾಗುತ್ತದೆ ಎಂದರೆ ಒಳಗೆ ಯಾವುದೋ ಒಂದು ಸುಮ್ಮನೆ ಕೂರದೆ ದುಡಿಯುತ್ತಿದೆ ಎಂದರ್ಥ. ಬುಧವಾರದ ಕೋಣೆಯಲ್ಲಿ ಆಕೆ ನೂರು ಸಲ ಹೇಳಿದ ಮಾತು ಅದು. ಸೆಟ್ಟಿಂಗು ತೆರೆದು ಒಂದೊಂದೇ ನೋಡುತ್ತ ಹೋದಳು. ಕೆಳಗೆ, "ಸಿಸ್ಟಂ ಸರ್ವೀಸ್" ಎಂಬ ಮುಗ್ಧ ಹೆಸರಿನಲ್ಲಿ ಅದು ಕೂತಿತ್ತು. ಮೈಕು, ಕ್ಯಾಮೆರಾ, ಮೆಸೇಜು, ಇರುವ ಜಾಗ, ಎಲ್ಲಕ್ಕೂ ಅದಕ್ಕೆ ಅನುಮತಿ ಇತ್ತು.

ಮೊದಲು ಬಂದ ಯೋಚನೆ ಯಾರೋ ಲ್ಯಾಬಿನವರ ಕೆಲಸ ಎಂದು. ಹಾಕಿದ ದಿನ ನೋಡಿದಳು. ಹದಿನಾಲ್ಕು ತಿಂಗಳ ಹಿಂದಿನ ಒಂದು ಭಾನುವಾರ. ಆ ಭಾನುವಾರ ನೆನಪಿತ್ತು. ಊಟಕ್ಕೆ ಮುಂಚೆ ಮಗ, "ಅಮ್ಮ, ಅಂಗಡಿ ಬೀಗದ ಕೈ ಕೊಡು, ಇವಳ ಫೋನಿಗೆ ಸ್ಕ್ರೀನ್ ಗಾರ್ಡ್ ಹಾಕ್ಕೊಂಡು ಬರ್ತೀನಿ" ಎಂದು ಹೋಗಿ ಮುಕ್ಕಾಲು ಗಂಟೆ ಬಿಟ್ಟು ಬಂದಿದ್ದ. ಸ್ಕ್ರೀನ್ ಗಾರ್ಡ್ ಹಾಕಲು ಐದು ನಿಮಿಷ ಸಾಕು.

ಆ್ಯಪು ನಾಲ್ಕು ಅಂಕಿಯ ಗುಟ್ಟು ಕೇಳುತ್ತಿತ್ತು. ಅಂಗಡಿಯ ಹಳೇ ಬೋರ್ಡಿನಲ್ಲಿ ಗಂಡ ಬರೆಸಿದ್ದ ಟೆಲಿಫೋನ್ ನಂಬರಿನ ಕೊನೆಯ ನಾಲ್ಕು ಅಂಕಿಯನ್ನೇ ಮಗ ಚಿಕ್ಕಂದಿನಿಂದ ಸೈಕಲ್ಲಿನ ಬೀಗಕ್ಕೂ ಪೆಟ್ಟಿಗೆಗೂ ಇಟ್ಟುಕೊಳ್ಳುತ್ತಿದ್ದ. ಆಕೆಯ ಬೆರಳು ಅದನ್ನೇ ಒತ್ತಿತು. ಆ್ಯಪು ತೆರೆದುಕೊಂಡಿತು. ಎಲ್ಲ ಹೋಗಿ ಸೇರುತ್ತಿದ್ದ ವಿಳಾಸ ಮಗನದು. ಕಳಿಸಿದ್ದರ ಪಟ್ಟಿಯಲ್ಲಿ ಅಂಗಡಿಯ ಈ ಮೇಜೂ ಇತ್ತು, ಅತ್ತೆ ಸೊಸೆ ಕೂತು ಆಡಿದ ಮಾತುಗಳ ದಿನ, ಗಂಟೆ ಸಮೇತ.

ಎದುರಿನ ಸ್ಟೂಲಿನಲ್ಲಿ ಯಾರೋ ಬಂದು ಕೂತು ಏನೋ ಕೇಳಿದರು. "ಇವತ್ತು ಆಗಲ್ಲ" ಎಂದು ಅರ್ಧ ಬಾಗಿಲು ಎಳೆದಳು. ಕೈಯಲ್ಲಿದ್ದ ಸ್ಕ್ರೂ ಜಾರಿ ನೆಲಕ್ಕೆ ಬಿತ್ತು. ಮೂವತ್ತು ವರ್ಷದಲ್ಲಿ ಆಕೆ ಸ್ಕ್ರೂ ಬೀಳಿಸಿದ್ದೇ ಕಡಿಮೆ. ಮಂಡಿಯೂರಿ ಹುಡುಕುತ್ತ, ಮೇಜಿನ ಕೆಳಗೆ ಹಾಗೇ ಬಹಳ ಹೊತ್ತು ಕೂತಿದ್ದಳು.

ಸಂಜೆ ಸೊಸೆ ಬಂದಾಗ ಹೊಸ ಬ್ಯಾಟರಿ ಹಾಕಿ ಫೋನು ಸಿದ್ಧವಾಗಿತ್ತು.

"ಏನಾಗಿತ್ತು ಅತ್ತೆ?"

"ಬ್ಯಾಟರಿ ಹೋಗಿತ್ತು."

ಬೇರೆ ಹೆಂಗಸರಿಗೆ ಆಕೆ ಯಾವತ್ತೂ ಹಾಗೆ ಹೇಳಿದವಳಲ್ಲ. ಎಷ್ಟು ಸುಲಭವಾಗಿ ಬಾಯಿಗೆ ಬಂತಲ್ಲ ಎಂದು ಆಕೆಗೇ ದಿಗಿಲಾಯಿತು. ಮರುದಿನ ಬುಧವಾರ. ಮೈ ಸರಿಯಿಲ್ಲವೆಂದು ಮೇಡಂಗೆ ಫೋನು ಮಾಡಿ, ಬಸ್ಸು ಹತ್ತಿ ಮಗನ ಆಫೀಸಿಗೆ ಹೋದಳು.

ಅವನು ಕ್ಯಾಂಟೀನಿನಲ್ಲಿ ಒಬ್ಬನೇ ಉಣ್ಣುತ್ತಿದ್ದ. ಅಮ್ಮನನ್ನು ಕಂಡು ಎದ್ದು ನಿಂತ. "ಏನಮ್ಮ, ಹೇಳದೆ ಕೇಳದೆ?"

"ಅವಳ ಫೋನು ನೋಡಿದೆ."

ಅವನು ಕೂತ. ಅನ್ನವನ್ನು ಬೆರಳಿನಿಂದ ಒಂದು ಬದಿಗೆ ಸರಿಸಿದ. ಇಲ್ಲ ಎನ್ನಲಿಲ್ಲ. ಇಲ್ಲ ಎಂದಿದ್ದರೆ ಚೆನ್ನಾಗಿತ್ತು ಎಂದು ಆಕೆಗೆ ಅನಿಸಿತು.

"ಭಯಕ್ಕೆ ಅಮ್ಮ. ಅಪ್ಪ ಬೆಳಿಗ್ಗೆ ಹೋಗಿ ಬರ್ತೀನಿ ಅಂತ ಹೋದೋರು ಬರ್ಲೇ ಇಲ್ವಲ್ಲ. ಅವಳು ಹತ್ತು ನಿಮಿಷ ತಡ ಮಾಡಿದ್ರೆ ನಂಗೆ ಉಸಿರು ಕಟ್ಟುತ್ತೆ."

"ಅವಳಿಗೆ ಹಾಗಂತ ಹೇಳಿದ್ಯಾ?"

"ಹೇಳಿದ್ರೆ ನಗ್ತಾಳೆ."

"ಅವಳ ಮಾತು ಕದ್ದು ಕೇಳಿದ್ರೆ ನಿನ್ನ ಭಯ ಹೋಗುತ್ತಾ?"

ಅವನು ತಟ್ಟೆ ಪಕ್ಕಕ್ಕೆ ತಳ್ಳಿ, "ತೆಗೀತೀನಿ. ಭಾನುವಾರದೊಳಗೆ ತೆಗೀತೀನಿ. ಅವಳಿಗೆ ಮಾತ್ರ ಹೇಳ್ಬೇಡ. ನಮ್ಮ ಸಂಸಾರ ಮುಗಿದು ಹೋಗುತ್ತೆ ಅಮ್ಮ" ಎಂದ. ಕಣ್ಣಲ್ಲಿ ನೀರಿತ್ತು. ಹನ್ನೊಂದು ವರ್ಷದ ಹುಡುಗನ ಕಣ್ಣು ಅದೇ. ಆಕೆ ಅವನ ತಲೆ ಸವರಿ, ಆಯಿತೆಂದು ಹೇಳಿ ಬಂದಳು.

ಭಾನುವಾರ ಊಟಕ್ಕೆ ಬಂದಾಗ ಅವನು ಅಮ್ಮನ ಕಿವಿಯಲ್ಲಿ "ತೆಗೆದೆ" ಎಂದ. ಆಕೆ ಮಗನನ್ನು ನಂಬಿದಳು. ಮಂಗಳವಾರ ಸೊಸೆ ಮತ್ತೆ ಅಂಗಡಿಯ ಮುಂದೆ ನಿಂತಿದ್ದಳು. ಫೋನು ಮತ್ತೆ ಬಿಸಿ. ಈ ಸಲ ಅದು ಬೇರೆ ಹೆಸರಿನಲ್ಲಿ, ಇನ್ನೂ ಆಳದಲ್ಲಿ ಅವಿತಿತ್ತು. ಹುಡುಕಲು ಒಂದು ಗಂಟೆ ಹಿಡಿಯಿತು. ಎಂಥ ಹೆಸರು ಕೊಟ್ಟರೆ ಪತ್ತೆ ಹಚ್ಚುವುದು ಕಷ್ಟ ಎಂದು ಊಟದ ಹೊತ್ತಿನಲ್ಲಿ ಆಕೆ ಹೇಳಿದ್ದಳೋ, ಅಂಥದ್ದೇ ಹೆಸರು.

ಆಕೆ ಫೋನನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿ ರೇಡಿಯೊ ಹಾಕಿದಳು. ಬೆರಳನ್ನು ತುಟಿಯ ಮೇಲಿಟ್ಟು, ಸೊಸೆಯ ಕೈ ಹಿಡಿದು ಹಿಂಬಾಗಿಲಿನಿಂದ ನೀರಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದಳು. ಎಲ್ಲವನ್ನೂ ಹೇಳಿದಳು. ಏಳು ದಿನ ಮುಚ್ಚಿಟ್ಟದ್ದನ್ನೂ ಹೇಳಿದಳು.

ಸೊಸೆ ಅಳಲಿಲ್ಲ. ಗೋಡೆಗೆ ಒರಗಿ, ತುಂಬ ದೂರ ನಡೆದು ಬಂದವಳ ಹಾಗೆ ಉಸಿರು ಬಿಟ್ಟಳು.

"ನಂಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ ಅತ್ತೆ. ಲ್ಯಾಬಲ್ಲಿ ಯಾರ ಜೊತೆ ಏನು ತಿಂದೆ ಅಂತ ಅವರಿಗೆ ಗೊತ್ತಿರ್ತಿತ್ತು. ನಮ್ಮಮ್ಮಂಗೆ ಫೋನಲ್ಲಿ ಏನು ಹೇಳಿದೆ ಅಂತ ಗೊತ್ತಿರ್ತಿತ್ತು. ಕೇಳಿದ್ರೆ, ನೀನೇ ಹೇಳಿದ್ದು, ಮರೆತಿದೀಯ ಅನ್ನೋರು. ಒಂದಿನ ಡಾಕ್ಟರ ಹತ್ರಾನೂ ಹೋಗಿದ್ದೆ, ಮರೆವಿನ ಕಾಯಿಲೆ ಇದೆಯಾ ಅಂತ." ಆಮೇಲೆ ತಲೆ ತಗ್ಗಿಸಿದಳು. "ಇನ್ನೊಂದು ಮಾತು. ಇಲ್ಲಿ ನಿಮ್ಮ ಹತ್ರ ಹೇಳಿದ್ದೂ ಅವರಿಗೆ ಗೊತ್ತಾಗ್ತಿತ್ತು. ನೀವೇ ಹೇಳ್ತಿದೀರಿ ಅಂದ್ಕೊಂಡೆ. ಅದಕ್ಕೇ ನಿಮ್ಮ ಹತ್ರ ಮಾತು ಬಿಟ್ಟೆ."

ತೊಟ್ಟಿಯ ನಲ್ಲಿ ಸೋರುತ್ತಿತ್ತು. ಚಿಮಟದಕ್ಕ ಅದನ್ನು ಬಿಗಿಯಾಗಿ ತಿರುಗಿಸಿ, ಮತ್ತೆ ಬಿಗಿಯಾಗಿ ತಿರುಗಿಸಿ ನಿಂತಳು.

"ಈಗ ತೆಗೆದು ಬಿಡ್ಲಾ?" ಎಂದಳು ಕೊನೆಗೆ. "ತೆಗೆದ ತಕ್ಷಣ ಅವನಿಗೆ ಗೊತ್ತಾಗುತ್ತೆ. ಮೊದಲು ನೀನೇನು ಮಾಡ್ಬೇಕು ಅಂತ ಯೋಚನೆ ಮಾಡು. ನಾನು ಹೇಳಲ್ಲ. ನಾನು ಹೇಳೋ ಹಾಗಿಲ್ಲ."

"ಹೋಗ್ತೀನಿ ಅತ್ತೆ."

ಅದನ್ನು ಅವಳು ಎಷ್ಟೋ ದಿನದ ಹಿಂದೆಯೇ ಯೋಚಿಸಿಟ್ಟಿದ್ದಳೆಂದು ಆ ದನಿಯಲ್ಲೇ ತಿಳಿಯುತ್ತಿತ್ತು. "ಅವರಿಗೆ ಒಂದ್ಸಲ ಹೇಳಿದ್ದೆ, ಅಮ್ಮನ ಮನೇಲಿ ನಾಲ್ಕು ದಿನ ಇದ್ದು ಬರ್ತೀನಿ ಅಂತ. ನನ್ನ ಒಳಗೇ ಬಿಟ್ಟು ಬಾಗಿಲಿಗೆ ಬೀಗ ಹಾಕಿ ಆಫೀಸಿಗೆ ಹೋದ್ರು" ಎಂದು ಅಷ್ಟೇ ಸಹಜವಾಗಿ ಹೇಳಿದಳು.

ಬುಧವಾರದ ಕೋಣೆಗೆ ಒಬ್ಬ ವಕೀಲೆ ಬಂದು ಹೋಗುತ್ತಿದ್ದರು. ಅವರಿಗೆ ವಿಷಯ ಮುಟ್ಟಿತು. ಚಿಮಟದಕ್ಕ ಮೂರು ಕೆಟ್ಟ ಫೋನುಗಳಿಂದ ಒಳ್ಳೆಯ ಭಾಗಗಳನ್ನು ಆಯ್ದು ಒಂದು ಫೋನು ಕಟ್ಟಿದಳು. ಗೀರು ಬಿದ್ದ ಕಪ್ಪು ಫೋನು, ಒಳಗೆ ಮಾತ್ರ ಯಾರ ನೆರಳೂ ಇಲ್ಲ. ಗುರುವಾರ ಮಧ್ಯಾಹ್ನ ಲ್ಯಾಬಿನ ಹಿಂದಿನ ಓಣಿಯಲ್ಲಿ, ಹಳೇ ಫೋನನ್ನು ಒಳಗೇ ಬಿಟ್ಟು ಬಂದ ಸೊಸೆಯ ಕೈಗೆ ಅದನ್ನಿತ್ತಳು.

"ನಾಳೆ ಹಳೇ ಫೋನು ಲ್ಯಾಬಿನ ಡ್ರಾಯರಲ್ಲೇ ಇರ್ಲಿ. ಅವನಿಗೆ ನೀನು ಅಲ್ಲೇ ಇದೀಯ ಅಂತ ಕಾಣುತ್ತೆ. ಹೊಸ ಸಿಮ್ಮು ನೀನೇ ಕೊಂಡ್ಕೋ. ನಂಬರು ವಕೀಲರಿಗೆ ಮಾತ್ರ. ಎಲ್ಲಿಗೆ ಹೋಗ್ತೀಯ ಅಂತ ಯಾರಿಗೂ ಹೇಳ್ಬೇಡ."

"ನಿಮಗೆ ಹೇಳ್ತೀನಿ ಅತ್ತೆ."

"ನಂಗಂತೂ ಹೇಳ್ಲೇಬೇಡ. ನಾನು ಅವನಮ್ಮ. ಅವನು ಬಂದು ಅತ್ತರೆ ಹೇಳಿಬಿಡ್ತೀನಿ. ಒಂದ್ಸಲ ಆಗ್ಲೇ ಅವನ ಕಣ್ಣೀರಿಗೆ ಸೋತಿದೀನಲ್ಲ."

ಸೊಸೆ ಕೋಟಿನ ಜೇಬಿಗೆ ಫೋನು ಹಾಕಿಕೊಂಡಳು. ಏನೋ ಹೇಳಲು ಬಾಯಿ ತೆರೆದಳು. ಒಳಗಿನಿಂದ ಯಾರೋ ಕೂಗಿದರು. "ಬಂದೆ" ಎಂದು ಓಡಿದಳು. ಚಿಮಟದಕ್ಕ ಅವಳನ್ನು ಕಂಡದ್ದು ಅದೇ ಕೊನೆ.

ಶುಕ್ರವಾರ ಸಂಜೆ ಮಗ ಬಂದ. ಬಾಗಿಲಲ್ಲೇ ನಿಂತು "ಎಲ್ಲಿದಾಳೆ?" ಎಂದ.

"ಗೊತ್ತಿಲ್ಲ."

"ಸುಳ್ಳು."

ಆಕೆ ತನ್ನ ಫೋನನ್ನು ತೆಗೆದು ಅವನ ಕೈಗಿಟ್ಟಳು. "ನೋಡು. ನೀನು ನೋಡೋದ್ರಲ್ಲಿ ಗಟ್ಟಿಗ."

ಅವನು ಅರ್ಧ ಗಂಟೆ ನೋಡಿದ. ಕರೆಗಳು, ಮೆಸೇಜು, ಅಳಿಸಿದ್ದು, ಉಳಿದದ್ದು. ಏನೂ ಇರಲಿಲ್ಲ. ಫೋನನ್ನು ಮೇಜಿಗೆ ಬಿಸಾಕಿ, ಸ್ಟೂಲಿನ ಮೇಲೆ ಕುಸಿದು, ಮುಖ ಮುಚ್ಚಿ ಬಿಕ್ಕಿದ. ಆಕೆಗೆ ಎದ್ದು ಹೋಗಿ ಅಪ್ಪಿಕೊಳ್ಳಬೇಕೆನಿಸಿತು. ಹೋದಳು ಕೂಡ. ಅವನು ಕೈ ತಳ್ಳಿದ.

"ನೀನು ಯಾರಮ್ಮ? ನನ್ನಮ್ಮನಾ, ಅವಳಮ್ಮನಾ?"

"ನಿನ್ನಮ್ಮ. ಅದಕ್ಕೇ ಏಳು ದಿನ ಸುಮ್ಮನಿದ್ದೆ."

ಅವನು ಎದ್ದು ಹೋದ. ಆಮೇಲೆ ಭಾನುವಾರಗಳು ಬಂದವು, ಅವನು ಬರಲಿಲ್ಲ. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಆಕೆಯ ಸ್ವಂತ ಅಕ್ಕ ಫೋನು ಮಾಡಿ, "ಹೆತ್ತ ಮಗನ ಸಂಸಾರಕ್ಕೆ ಬೆಂಕಿ ಇಟ್ಯಲ್ಲೇ, ಅವನೇನು ಹೊಡೆದನಾ, ಬಡಿದನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಟ್ಟಳು. ಹಬ್ಬ ಹರಿದಿನಕ್ಕೆ ಕರೆಯುತ್ತಿದ್ದವರು ಕರೆಯುವುದನ್ನು ಬಿಟ್ಟರು. ಮನೆಯಲ್ಲಿ ಆಕೆ ಅಡಿಗೆಯನ್ನು ಅಳತೆ ತಪ್ಪಿ ಹೆಚ್ಚಾಗಿ ಮಾಡುವಳು, ಎರಡು ಹೊತ್ತು ಅದನ್ನೇ ಉಣ್ಣುವಳು.

ಬುಧವಾರದ ಕೋಣೆಗೆ ಹೋಗಲು ಮುಖವಿರಲಿಲ್ಲ. ಐದು ವಾರ ತಪ್ಪಿಸಿದಳು. ಆರನೇ ವಾರ ಗಣಿತದ ಮೇಡಂ ಕೊಡೆ ಊರಿಕೊಂಡು ಅಂಗಡಿಗೇ ಬಂದರು.

"ಎಷ್ಟು ದಿನ ಮೈ ಸರಿಯಿರಲ್ಲ ನಿಮಗೆ?"

ಚಿಮಟದಕ್ಕ ನಡೆದದ್ದೆಲ್ಲ ಹೇಳಿದಳು. ಮೇಡಂ ಪೂರ್ತಿ ಕೇಳಿ, "ಏಳು ದಿನ ಮುಚ್ಚಿಟ್ಟಿದ್ದು ತಪ್ಪು" ಎಂದರು. ತಪ್ಪಲ್ಲ ಎಂದಾರೆಂಬ ಆಸೆ ಆಕೆಗೆ ಎಲ್ಲೋ ಇತ್ತು. "ಅದನ್ನ ಕೋಣೆಗೆ ಬಂದು ಹೇಳಿ. ಬೇರೆಯವರ ಬಾಯಿಂದ ಗೊತ್ತಾಗೋದು ಬೇಡ."

ಹೋಗಿ ಹೇಳಿದಳು. ಹೊಲಿಗೆಯಾಕೆಗೆ ತುಟಿ ಕಾಣಬೇಕೆಂದು ತಲೆ ತಗ್ಗಿಸುವ ಹಾಗೂ ಇರಲಿಲ್ಲ. ಮುಖ ಎತ್ತಿಕೊಂಡೇ ಎಲ್ಲವನ್ನೂ ನಿಧಾನವಾಗಿ ಹೇಳಬೇಕಾಯಿತು. ಬೇಕರಿಯಾಕೆ ಕೇಳಿದಳು, "ನಾವು ರಿಪೇರಿಗೆ ಬಿಟ್ಟ ಫೋನುಗಳೆಲ್ಲ ನಿಮ್ಮ ಅಂಗಡೀಲೇ ಇರ್ತಿದ್ವಲ್ಲ. ನಿಮ್ಮ ಮಗನ ಹತ್ರ ಬೀಗದ ಕೈ ಇತ್ತಾ?"

ಯಾರ ಪ್ರಶ್ನೆಗೂ ನಗಬಾರದೆಂದು ಬೋರ್ಡಿನ ಮೇಲಿತ್ತು. ಇದಕ್ಕೆ ಯಾರೂ ನಗುವವರಿರಲಿಲ್ಲ.

"ಕೇಳಿದಾಗ ಕೊಡ್ತಿದ್ದೆ" ಎಂದಳು ಚಿಮಟದಕ್ಕ.

ಬೇಕರಿಯಾಕೆ ಎದ್ದು ಫೋನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು. ಅವಳ ಹಿಂದೆ ಕಾಲೇಜಿನ ಒಬ್ಬ ಹುಡುಗಿಯೂ ಹೋದಳು. ಚಿಮಟದಕ್ಕ ಉಳಿದವರ ಫೋನುಗಳನ್ನು ಅವರವರ ಕಣ್ಣೆದುರೇ, ಅವರವರ ಕೈಯಿಂದಲೇ ಬಿಚ್ಚಿಸಿ ಪರೀಕ್ಷೆ ಮಾಡಿಸಿದಳು. ಹಿಂದೆ ರಿಪೇರಿಗೆ ಕೊಟ್ಟವರನ್ನೆಲ್ಲ ಒಬ್ಬೊಬ್ಬರಾಗಿ ಕರೆಸಿ ಅದನ್ನೇ ಮಾಡಿದಳು. ಎರಡು ತಿಂಗಳು ಹಿಡಿಯಿತು. ಯಾವುದರಲ್ಲೂ ಏನೂ ಸಿಗಲಿಲ್ಲ. ಅವನ ಭಯ ಒಬ್ಬಳ ಮೇಲೆ ಮಾತ್ರ ಇತ್ತು. ಬೇಕರಿಯಾಕೆ ಮಾತ್ರ ಮತ್ತೆ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾಳೆ.

ಬೇರೆಯಾಗುವ ಕಾಗದಗಳು ವಕೀಲರ ಮೂಲಕವೇ ಆದವು. ಒಂದು ದಿನ ಅವರು ಅಂಗಡಿಯ ಮುಂದೆ ಹಾಯ್ದು ಹೋಗುವಾಗ ಚಿಮಟದಕ್ಕ ತಡೆದು, "ಹೇಗಿದಾಳೆ?" ಎಂದಳು.

"ಚೆನ್ನಾಗಿದಾಳೆ. ಕೆಲಸ ಸಿಕ್ಕಿದೆ. ಅದಕ್ಕಿಂತ ಜಾಸ್ತಿ ನಾನು ಹೇಳೋ ಹಾಗಿಲ್ಲ, ನಿಮಗೇ ಗೊತ್ತಲ್ಲ."

"ಗೊತ್ತು" ಎಂದಳು. "ನಗ್ತಾಳಾ?"

ವಕೀಲರು ಸ್ವಲ್ಪ ಯೋಚಿಸಿದರು. "ಮೊನ್ನೆ ನಕ್ಕಳು. ಯಾಕೆ ಅಂತ ನೆನಪಿಲ್ಲ."

ಹನ್ನೊಂದು ತಿಂಗಳಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಮಗನ ಫೋನು ಬಂತು. ಅವನು ಬೇರೆ ಊರಿಗೆ ವರ್ಗ ಮಾಡಿಸಿಕೊಂಡಿದ್ದನೆಂದು ಯಾರೋ ಹೇಳಿದ್ದರು. ಹೆಸರು ಕಂಡು ಆಕೆ ಗಡಿಬಿಡಿಯಲ್ಲಿ ಪರದೆ ಒತ್ತಿದಳು. ಎರಡು ಸಲ ಒತ್ತಿದ ಮೇಲೆ ಕರೆ ಹಿಡಿಯಿತು.

"ಊಟ ಆಯ್ತಾ ಅಮ್ಮ?"

"ಆಯ್ತು. ನಿಂದು?"

"ಆಯ್ತು."

ಅವನ ಕಡೆ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಬೇರಿಂಗಿಗೆ ಎಣ್ಣೆ ಬೇಕು ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

"ಅವಳು..." ಎಂದ ಅವನು.

"ಗೊತ್ತಿಲ್ಲ ಮಗ. ನಿಜವಾಗ್ಲೂ ಗೊತ್ತಿಲ್ಲ."

ಅವನು ಕರೆ ಕತ್ತರಿಸಿದ.

ಮುಂದಿನ ಭಾನುವಾರ ಆಕೆ ಫೋನನ್ನು ಬಚ್ಚಲಿಗೂ ಒಯ್ದಳು. ಅವನು ಮಾಡಲಿಲ್ಲ. ಅದರ ಮುಂದಿನ ಭಾನುವಾರ ಮಾಡಿದ. ಆ ಸಲ ಅವಳ ಸುದ್ದಿ ಎತ್ತಲಿಲ್ಲ. ಆಫೀಸಿನಲ್ಲಿ ಒಬ್ಬ ಡಾಕ್ಟರನ್ನು ಕಾಣಲು ಹೇಳಿದ್ದಾರೆ, ಈ ಭಯಕ್ಕೆ, ಎರಡು ಸಲ ಹೋಗಿ ಬಂದೆ ಎಂದ. ಒಳ್ಳೇದಾಯಿತು ಎಂದಳು. ಬರುತ್ತೀಯಾ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವನೇ, "ಈಗಲೇ ಬರಲ್ಲ ಅಮ್ಮ. ನಿನ್ನ ಮುಖ ನೋಡೋಕಾಗಲ್ಲ" ಎಂದ. ಸಿಟ್ಟಿನಿಂದ ಹೇಳಿದನೋ ನಾಚಿಕೆಯಿಂದ ಹೇಳಿದನೋ ಆಕೆಗೆ ತಿಳಿಯಲಿಲ್ಲ.

"ಆಯ್ತು, ನೀನು ಯಾವಾಗ ಬಂದ್ರೂ ಆಯ್ತು" ಎಂದು ಫೋನಿಟ್ಟು, ಉಳಿದಿದ್ದ ಅನ್ನವನ್ನು ಡಬ್ಬಿಗೆ ಹಾಕಿ ಮುಚ್ಚಿದಳು.